ಶ್ರಾವಣ ಸೋಮವಾರದ ಗುಳಿಗೆ

೫ ಆಗಸ್ಟ್ ೧೯೬೮, ಸೋಮವಾರ
ಸಾಲೆ, ಮನೆ, ಒಲೆ — ಅದೇ ಬಲೆ. ಬೆಳಗ್ಗೆ ಗುಳಿಗೆ ಬಾಯಿಗಿಡುವಾಗ ಅತ್ತೆ ಕಸ್ತೂರೆವ್ವ ಪ್ರತ್ಯಕ್ಷ. ‘ಶಕ್ತಿ ಗುಳಿಗೆ’ ಎಂದು ನಾನೇ ಸುಳ್ಳು ಹೇಳಿದ್ದೆ. ಬಸಿರು ತಡೆಯುವ ಗುಳಿಗೆ ಎಂದರೆ ಈ ಮನೆಯಲ್ಲಿ ಉಳಿಗಾಲವಿಲ್ಲ.
“ಸೋಮವಾರ ಉಪಾಸ ಮಾಡಾಕಿ ಶಕ್ತಿ ಗುಳಿಗಿ ನುಂಗತಾಳಂತ! ಉಪಾಸ ಶಿವಗೋ, ನಿನ್ನ ಹೊಟ್ಟಿಗೋ?”
ಗುಳಿಗೆ ವಾಪಸ್. ಹೋದ ಸೋಮವಾರವೂ ಹೀಗೇ. ಬಿ.ಎ. ಓದಿದ ಬುದ್ಧಿ, ಅತ್ತೆಯ ಮುಂದೆ ಲದ್ದಿ.

೧೯ ಆಗಸ್ಟ್
ಶ್ರಾವಣದ ಕೊನೆಯ ಸೋಮವಾರ. ಇವತ್ತೂ ಗುಳಿಗೆ ಬಿಟ್ಟೆ. ಸ್ವಲ್ಪ ದಿನ ದೂರ ಇರ್ರಿ ಎಂದೆ ಗಂಡನಿಗೆ.
“ನಲವತ್ನಾಲ್ಕಕ್ಕ ಏನ್ ಆಗತೈತಿ, ಬಿಡ.”
ಗುರುಶಿದ್ದಪ್ಪನವರು ಮಗ್ಗುಲೂ ಬದಲಿಸಲಿಲ್ಲ, ಮನಸ್ಸೂ ಬದಲಿಸಲಿಲ್ಲ.

೬ ಸೆಪ್ಟೆಂಬರ್
ಮುಟ್ಟು ಬಂದಿಲ್ಲ. ದೇಶಪಾಂಡೆ ನಗರದ ಲೇಡಿ ಡಾಕ್ಟರು ಕೆಂಡ.
“ಕಲ್ತವರಲ್ಲೇನ್ರಿ? ಗುಳಿಗಿಗೆ ಯಾವ ಹಬ್ಬದ ಸೂಟಿ? ಬಸರೋ ಅಲ್ಲೋ, ಮುಂದಿನ ತಿಂಗಳ ಬರ್ರಿ, ಹೇಳ್ತೇನಿ.”
ಗುಳಿಗೆಗೆ ರಜೆ, ನನಗೆ ಸಜೆ.
ಒಬ್ಬಳೇ ಮಗಳು ಶೇವಂತಿ ಚೊಚ್ಚಲ ಹೆರಿಗೆಗೆ ಬರುತ್ತಾಳೆ. ಅವಳ ಬಾಣಂತನ ನನ್ನದು. ನನ್ನದು ಯಾರದು? ಸೋದರಮಾವನಿಗೂ ಅಳಿಯನಿಗೂ ಒಂದೇ ತೊಟ್ಟಿಲು... ಸಾಲೆಯಲ್ಲಿ ಹುಡುಗಿಯರ ಮುಂದೆ ಹೇಗೆ ನಿಲ್ಲಲಿ?

೨೫ ಸೆಪ್ಟೆಂಬರ್, ಸಂಜೆ
ಶೇವಂತಿಯ ಕುಬಸ, ಚೊಚ್ಚಲ ಬಸುರಿಯ ಸೀಮಂತ. ಹಸಿರು ಸೀರೆ, ಹಸಿರು ಬಳೆ, ಓಣಿಯ ಹೆಂಗಸರೆಲ್ಲ ಹಾಜರು. ಅತ್ತೆ ಅವಳ ಪಕ್ಕಕ್ಕೆ ಇನ್ನೊಂದು ಮಣೆ ಹಾಕಿದಳು.
“ಬಾರವ್ವಾ ಮಾಸ್ತರಿಣಿ, ನೀನೂ ಕೂಡು. ಈಕಿನೂ ಮುಟ್ಟಾಗಿಲ್ರೆವ್ವಾ, ಒಂದ ಆರತ್ಯಾಗ ಎರಡೂ ಮುಗೀಲಿ!”
ನಗೆ. ಮೈ ಉರಿಯಿತು.
“ಅದು ಶಕ್ತಿ ಗುಳಿಗಿ ಅಲ್ರಿ ಅತ್ತಿ. ಬಸರ ತಡಿಯೋ ಗುಳಿಗಿ. ಬಿಡಿಸಿದಾಕಿ ನೀವ” ಎಂದೆ, ಎಲ್ಲರೆದುರು.
“ಗೊತ್ತಿತ್ತ. ಬಾಜೂಮನಿ ಹಾಜರಾಬಿನೂ ಅದನ್ನ ನುಂಗತಾಳ. ಅದಕ್ಕ ಬಿಡಿಸಿದ್ನಿ. ವಂಶಕ್ಕೊಂದು ಗಂಡು ಬ್ಯಾಡೇನ?”
ಬಾಗಿಲಲ್ಲಿದ್ದ ಗಂಡನನ್ನು ನೋಡಿದೆ. ತಲೆ ತಗ್ಗಿಸಿದರು. ತಾಯಿಯ ಈ ಆಟ ಅವರಿಗೂ ಗೊತ್ತಿತ್ತು.
ಮಣೆ ಎತ್ತಿ ಅಂಗಳಕ್ಕೆ ಎಸೆದೆ. ಕೋಣೆಗೆ ಚಿಲಕ ಹಾಕಿ ಬರೆಯುತ್ತಿದ್ದೇನೆ. ಅತ್ತೆಯ ಬಾಯಿ ನಿಂತಿಲ್ಲ. ಬಾಗಿಲು ಬಡಿಯುತ್ತಿರುವವಳು ಶೇವಂತಿ.
“ಅವ್ವಾ, ಕದಾ ತಗೀ. ಈ ಮನ್ಯಾಗ ನಾ ಹಡಿಯಾಂಗಿಲ್ಲ. ನೀನೂ ನಡಿ ನನ್ನ ಜೋಡಿ. ಟಾಂಗಾ ತರಸೇನಿ.”
ಸೀರೆ ಎರಡು ಸಾಕು. ಸಂಬಳ ನನ್ನದೇ. ಇನ್ನು ಇಲ್ಲಿ ನನ್ನದು ಅಂತ —