ನಲವತ್ತೊಂದು ಶ್

ಮಂಗಳವಾರ, 4

ಬೆಳಿಗ್ಗೆ ಮತ್ತೆ ಅದೇ. ಹೆಡ್‌ಫೋನ್, ಆರಿದ ಕಾಫಿ, ಮೂರನೇ ಹಾಡು. ಆರು ವರ್ಷದ ಹಿಂದಿನ ನನ್ನದೇ ಆಲ್ಬಮ್ಮು. ಮನೆಯ ಸದ್ದುಗಳನ್ನೇ ಹಿಡಿದು ಮಾಡಿದ್ದು — ನಲ್ಲಿ, ಬಾಗಿಲು, ಹೆಂಡತಿಯ ಹೊಲಿಗೆ ಮೆಷಿನ್ನು. ಕೇಳಿದವರೆಲ್ಲ ನಿದ್ದೆ ಹೋದರು. ಈಗ ಅದನ್ನೇ ಕುಣಿಯುವ ಹಾಗೆ ಮಾಡಿಕೊಡಬೇಕಂತೆ ಆಡಿಯೋ ಕಂಪನಿಗೆ. ನಿಮಿಷಕ್ಕೆ ನೂರ ಇಪ್ಪತ್ತಾರು ಬೀಟು. ಹೆಣಕ್ಕೆ ಸಿಂಗಾರ.

ಅವಳು ಅಕ್ಕನ ಮನೆಗೆ ಹೋಗಿ ಎರಡು ವರ್ಷ. ಮೆಷಿನ್ನು ಮಾತ್ರ ಇಲ್ಲೇ ಇದೆ, ಬಟ್ಟೆ ಹೊದ್ದುಕೊಂಡು.

ಶುಕ್ರವಾರ, 7

ಸಿಕ್ಕಿತು. ಡ್ರಮ್ಮಿನ ಜೊತೆ ಚುಸ್ ಚುಸ್ ಎನ್ನುವ ಕಂಚಿನ ತಾಳದ ಸದ್ದು ಬೇಕಿತ್ತು. ರೆಡಿಮೇಡ್ ಯಾವುದೂ ಒಗ್ಗಲಿಲ್ಲ. ಹಳೆಯ ಕಚ್ಚಾ ರೆಕಾರ್ಡಿಂಗ್ ತೆಗೆದೆ. ಎಲ್ಲೋ ಮಧ್ಯೆ ಒಂದು "ಶ್". ನನ್ನದೇ ಬಾಯಿ. ಚೂಪಾಗಿ, ಚೊಕ್ಕವಾಗಿ. ಅಂದು ಕತ್ತರಿಸಿ ಎಸೆದ ತುಂಡು. ಹದಿನಾರು ಸಲ ಜೋಡಿಸಿದೆ... ಹಾಡು ಎದ್ದು ನಿಂತಿತು. ಹೇಳೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ.

ಗುರುವಾರ, 13. ಸಂಜೆ 5

ಮಧ್ಯಾಹ್ನ ಕ್ಲಬ್ಬಿನ ದೊಡ್ಡ ಸ್ಪೀಕರಿನಲ್ಲಿ ಹಾಕಿ ನೋಡಿದೆವು. ಹಾಲ್ ಖಾಲಿ. ಸೌಂಡಿನವನು ತಲೆಯಾಡಿಸಿದ. ನೆಲ ಒರೆಸುತ್ತಿದ್ದ ಹೆಂಗಸು ಕೋಲು ಹಿಡಿದೇ ಎರಡು ಹೆಜ್ಜೆ ಹಾಕಿದಳು. ಉಬ್ಬಿಹೋದೆ. ಹೊರಡುವಾಗ ಅವಳು ಕೇಳಿದಳು —

"ಚೆನ್ನಾಗಿದೆ ಸಾರ್. ಆದ್ರೆ ಇಷ್ಟೊತ್ತೂ ಯಾರ ಬಾಯಿ ಮುಚ್ಚಿಸ್ತಿದ್ರಿ?"

ನಕ್ಕು ಬಂದೆ. ಬಸ್ಸಿನಲ್ಲಿ ಕೂತು ಮತ್ತೆ ಹಾಡು ಹಾಕಿದೆ, ಮೊದಲ "ಶ್" ಬಂದ ಕೂಡಲೇ ನಿಲ್ಲಿಸಿದೆ.

ಶುಕ್ರವಾರ, 14

ಕಚ್ಚಾ ಫೈಲುಗಳನ್ನೆಲ್ಲ ಕೇಳಿದೆ. ನಲವತ್ತೊಂದು "ಶ್". ಪ್ರತಿಯೊಂದಕ್ಕೂ ಮುಂಚೆ ಅವಳ "ರೀ..." ಅಷ್ಟೇ. ಮುಂದಕ್ಕೆ ಬಿಟ್ಟಿಲ್ಲ ನಾನು. ಒಂದು ಸಲ ಮಾತ್ರ ರೆಕಾರ್ಡರ್ ಆಫ್ ಮಾಡಲು ಮರೆತಿದ್ದೆ. ಬಾಗಿಲ ಹತ್ತಿರದಿಂದ ಮೆಲ್ಲಗೆ — "ಏನಿಲ್ಲ ಬಿಡಿ. ನಿಮ್ಮ ಕೆಲಸ ಮುಗೀಲಿ."

ಮುಗಿಯಿತು. ಈಗ ಮನೆಯಲ್ಲಿ ಸದ್ದೇ ಇಲ್ಲ, ರೆಕಾರ್ಡಿಂಗಿಗೆ ಬಲು ಅನುಕೂಲ. ಅವಳು ವಾಪಸ್ ಬರಬೇಕು. ಬರೆದುಬಿಟ್ಟೆ, ಇರಲಿ.

ಬುಧವಾರ, 19

ಕಂಪನಿಗೆ ಕಳಿಸಿಲ್ಲ. ಎರಡು ಸಲ ಫೋನ್ ಮಾಡಿ ಬೈದರು. ಅವಳನ್ನು ಕೇಳದೆ ಹೇಗೆ ಕಳಿಸಲಿ? ಕೊನೆಗೆ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ, "ಶ್" ವಿಷಯವನ್ನೂ. ಭಾನುವಾರ ಮೆಷಿನ್ ಒಯ್ಯಲು ಬರುತ್ತಾಳಂತೆ. ಆಗ ಹಾಡು ಕೇಳುತ್ತಾಳಂತೆ.

ಭಾನುವಾರ, 23. ಬೆಳಿಗ್ಗೆ 11

ಬಂದಿದ್ದಾಳೆ. ಹೆಡ್‌ಫೋನ್ ಎರಡೂ ಕೈಯಲ್ಲಿ ಒತ್ತಿ ಹಿಡಿದು ಪೂರ್ತಿ ಕೇಳಿದಳು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಎದ್ದು ಒಳಗೆ ಹೋದಳು. ಮೆಷಿನ್ ಮೇಲಿನ ಬಟ್ಟೆ ಕೊಡವುತ್ತಿದ್ದಾಳೆ. ಸುಮ್ಮನೆ ಕೂರಲಾರದೆ ಇದನ್ನು ಗೀಚುತ್ತಿದ್ದೇನೆ. ಚಕ್ರ ಒಮ್ಮೆ ತಿರುಗಿಸಿ ನೋಡಿದಳು... ಬಾಗಿಲಿಗೆ ಬಂದಳು.

"ರೀ..."

ಎಡಗೈ ತಾನಾಗಿಯೇ ಮೇಲೆದ್ದಿದೆ, ಈ ಸಾಲೊಂದು ಮುಗಿಯಲಿ ಎಂದು. ಇಳಿಸಿದೆ. ಸಾಲು ಮುಗಿಯದಿದ್ದರೆ