ಕರೆಂಟ್ ಬಂದ ಮೇಲೆ ಕೂಗುವ ಸೈರನ್

ಅಣುಸ್ಥಾವರದ ದೊಡ್ಡ ಸಾಹೇಬರಿಗೆ,

ಸರೋವರದ ಈಚೆ ದಡದ ಓಣಿಯಿಂದ ಹೊಲಿಗೆಯವಳು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅನಾಹುತವಾದರೆ ನಮ್ಮನ್ನು ಎಚ್ಚರಿಸಲೆಂದು ನೀವು ನೆಟ್ಟ ಸೈರನ್ ನಮ್ಮ ಓಣಿಯ ಕರೆಂಟಿನಿಂದಲೇ ಕೂಗಬೇಕು. ನೀವು ಹುಟ್ಟಿಸುವ ಕರೆಂಟೋ ನಮ್ಮ ತಲೆಯ ಮೇಲೆ ಹಾದು ನಗರಕ್ಕೆ ಹೋಗುತ್ತದೆ. ನಮಗೆ ಅರ್ಧ ದಿನ ಕತ್ತಲೆ. ನಿನ್ನೆ ಪರೀಕ್ಷೆಗೆ ಬಂದ ನಿಮ್ಮ ಮೆಕ್ಯಾನಿಕ್ ಗುಂಡಿ ಒತ್ತಿದ. ಸೈರನ್ ಉಸಿರೆತ್ತಲಿಲ್ಲ.

"ಗಾಬರಿ ಆಗ್ಬೇಡಿ ಅಕ್ಕಾ, ಕರೆಂಟ್ ಬಂದ್ಮೇಲೆ ಕೂಗುತ್ತೆ" ಅಂದ.

"ಅಲ್ಲೀವರೆಗೂ ನಿಮ್ ವಿಷಗಾಳಿ ಬಾಗಿಲಲ್ಲಿ ಕಾದು ನಿಂತಿರುತ್ತಾ ಏನಪ್ಪಾ?" ಎಂದೆ.

ನಮ್ಮತ್ತೆಗೆ ಸೊಂಟ ಬಿದ್ದುಹೋಗಿದೆ. ಅವರನ್ನು ಹೊತ್ತೊಯ್ಯಲು ನಾಲ್ಕು ಜನ ಸೇರಬೇಕು, ಅದಕ್ಕೆ ಹೊತ್ತು ಬೇಕು. ಈ ವಾರವೇ ಸೈರನ್ನಿಗೆ ಬ್ಯಾಟರಿ ಹಾಕಿಸಿ. ಇಲ್ಲದಿದ್ದರೆ ಓಣಿಯ ಹೆಂಗಸರೆಲ್ಲ ಸೇರಿ ಅತ್ತೆಯನ್ನು ಮಂಚದ ಸಮೇತ ತಂದು ನಿಮ್ಮ ಗೇಟಿನ ಮುಂದೆ ಇಳಿಸುತ್ತೇವೆ. ಅಲ್ಲಿ ಕರೆಂಟು ಹೋಗುವುದೇ ಇಲ್ಲವಂತೆ.

ಉತ್ತರಕ್ಕೆ ಕಾಯದೆ,
ಓಣಿಯ ಹೊಲಿಗೆಯವಳು