ಉಪವಾಸದ ದಿನದ ಹೊಗೆ

ಸೋಮವಾರ, ಹನ್ನೆರಡನೇ ತಾರೀಕು

ಪ್ರೀತಿಯ ಅಣ್ಣನಿಗೆ ತಂಗಿಯ ನಮಸ್ಕಾರ.

ಇವತ್ತು ನನ್ನ ಉಪವಾಸ. ಎದ್ದು ಬಾಗಿಲು ತೊಳೆದು, ನೀರು ತುಂಬಿಸಿ, ದೇವರಿಗೆ ದೀಪ ಹಚ್ಚಿ, ಇವರಿಗೆ ಊಟದ ಡಬ್ಬಿ ಕಟ್ಟಿ ಕಳಿಸಿ ಈಗ ಕೂತೆ. ನಿನ್ನ ಕಾಗದ ಬಂದು ಎಂಟು ದಿನ ಆಯ್ತು, ತಡ ಮಾಡಿದ್ದಕ್ಕೆ ಕ್ಷಮಿಸು. ಸಿಟ್ಟಲ್ಲಿ ಬರೆದರೆ ಅಕ್ಷರ ಕೆಡುತ್ತೆ ಅಂತ ಕಾದೆ. ಸಿಟ್ಟು ಇಳೀಲಿಲ್ಲ, ಹಾಗೇ ಬರೀತಿದ್ದೀನಿ.

"ಹೆಂಗಸು ಆಸ್ಪತ್ರೆಗೆ ಹೋಗಿ ಸಿಗರೇಟು ಸೇದ್ತೀನಿ ಅಂತ ಬಾಯಿಬಿಡೋದಾ? ದೇವರ ಮುಂದೆ ಆಣೆ ಮಾಡಿ ಮನೇಲೇ ಬಿಡು. ಆ ಡಾಕ್ಟರ ಹತ್ತಿರ ಇನ್ನೊಂದು ಸಲ ಹೋದರೆ ನನ್ನ ಮನೆ ಕಡೆ ತಲೆ ಹಾಕಬೇಡ" ಅಂತ ಬರೆದಿದ್ದೀಯ. ಅಣ್ಣಾ, ಆಣೆ ಮೂರು ಸಲ ಮಾಡಿದ್ದೆ. ಮೂರು ಸಲವೂ ವಾರ ತುಂಬೋದರೊಳಗೆ, ಕೆಲಸ ಮಾಡೋ ಲಾಂಡ್ರಿಯ ಬಾಯ್ಲರ್ ಹಿಂದೆ ನಿಂತು ಸೇದಿದೆ. ಆಮೇಲೆ ದೇವರ ಮುಖ ನೋಡೋಕಾಗದೆ ಇನ್ನೊಂದು ಹಚ್ಚಿದೆ.

ಆ ಡಾಕ್ಟರಮ್ಮ ಬಿಡಿ ಅನ್ನಲೇ ಇಲ್ಲ, ಗೊತ್ತಾ? ನನ್ನ ಮಗಳ ವಯಸ್ಸು. ಕುರ್ಚಿ ಹತ್ತಿರ ಎಳಕೊಂಡು, "ಎದ್ದ ಮೇಲೆ ಮೊದಲನೇದು ಎಷ್ಟು ಹೊತ್ತಿಗೆ ಅಮ್ಮಾ? ಯಾವಾಗ ತುಂಬಾ ಬೇಕು ಅನ್ಸುತ್ತೆ?" ಅಂದಳು. ಬೈಸಿಕೊಳ್ಳೋಕೆ ಗಟ್ಟಿಯಾಗಿ ಹೋಗಿದ್ದವಳು ಒಂದೊಂದಾಗಿ ಎಲ್ಲ ಹೇಳಿದೆ. ಸೇದಿದ್ದಕ್ಕೆಲ್ಲ ಚೀಟೀಲಿ ಒಂದೊಂದು ಗೀಟು ಹಾಕಿ ಮುಂದಿನ ವಾರ ತನ್ನಿ ಅಂದಳು. ಹಾಕಿದೆ. ಬೇರೆ ದಿನ ಆರು, ಏಳು. ಉಪವಾಸದ ದಿನ ಹದಿನಾಲ್ಕು!

"ಅವತ್ತು ಉಪವಾಸ ಅಂದಿರಲ್ಲಾ?" ಅಂತ ಚೀಟಿ ನೋಡಿ ಕೇಳಿದಳು.

"ಹೊಗೆ ಏನು ಊಟವಾ?" ಅಂದೆ. ಇಷ್ಟು ವರ್ಷ ಹಾಗೇ ನಂಬಿದ್ದೆ.

ಅವಳು ನಗಲಿಲ್ಲ. "ಊಟ ಅಲ್ಲ. ಆದರೆ ಹಸಿವನ್ನ ಮುಚ್ತಿರೋದು ಅದೇ ತಾನೆ?" ಅಂದಳು.

ಹಸಿವನ್ನ ದೇವರಿಗೆ ಕೊಡ್ತೀನಿ ಅಂತ ಹೇಳಿ ಹೊಗೆಗೆ ಕೊಡ್ತಿದ್ದೆ ಅಣ್ಣಾ. ಆಣೆ ಮುರಿದಾಗಲೂ ಇಷ್ಟು ನಾಚಿಕೆ ಆಗಿರಲಿಲ್ಲ.

ಬಿಡೋ ದಿನ ನೀವೇ ಆರಿಸಿ ಅಂದಳು. ಉಪವಾಸದ ದಿನವನ್ನೇ ಹೇಳಿದೆ. "ಅದೇ ಕಷ್ಟದ ದಿನ, ಯೋಚನೆ ಮಾಡಿ." "ಮಾಡಿದ್ದೀನಿ, ಬರಕೋ ತಾಯಿ" ಅಂದೆ. ಆಸೆ ಬಂದಾಗ ಐದು ನಿಮಿಷ ತಡೀರಿ, ನೀರು ಕುಡೀರಿ, ಕೈಗೆ ಕೆಲಸ ಕೊಡಿ, ಜಾರಿದರೆ ಬಚ್ಚಿಡದೆ ಅವತ್ತೇ ಬನ್ನಿ ಅಂದಳು. ಲಾಂಡ್ರಿ ಮೇಲ್ವಿಚಾರಕ ಎಲ್ಲರೆದುರು ಬೈದ ದಿನ, ಒಂಬತ್ತನೇ ದಿನ, ಜಾರಿದೆ. ಹೋಗಿ ಹೇಳಿದೆ. "ಎಂಟು ದಿನ ತಡೆದಿರಲ್ಲಾ. ಇವತ್ತು ಏನಾಯ್ತು?" ಅಂತ ಕೇಳಿದಳು, ಅಷ್ಟೆ. ಅಲ್ಲಿಂದ ಇವತ್ತಿಗೆ ಇಪ್ಪತ್ತು ದಿನ. ಇವರಂತೂ ನಾನು ದೀಪ ಹಚ್ಚಿದ ತಕ್ಷಣ ಬೆಂಕಿಪೊಟ್ಟಣ ಜೇಬಿಗಿಳಿಸಿ, "ನಿನ್ನ ಸಿಡುಕಿಗೆ ಪಕ್ಕದ ಮನೆ ನಾಯಿನೂ ಬಾಲ ಮುದುರಿದೆ ಕಣೇ" ಅಂತ ನಗ್ತಾರೆ.

ಗುರುವಾರ ಮತ್ತೆ ಹೋಗ್ತೀನಿ. ಮನೆ ನಿನ್ನದು, ಕರೆಯೋದು ಬಿಡೋದು ನಿನ್ನಿಷ್ಟ. ಎದೆ ನನ್ನದು.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ. ಸಿಟ್ಟಲ್ಲೂ ಇದನ್ನೇ ಬೇಡ್ತೀನಿ.

ನಿನ್ನ ತಂಗಿ

ಇನ್ನೊಂದು ಮಾತು: "ಮೊದಲು ಯಾರು ಕಲಿಸಿದ್ದು?" ಅಂತ ಡಾಕ್ಟರಮ್ಮ ಕೇಳಿದಾಗ "ಯಾರೂ ಇಲ್ಲ" ಅಂದೆ. ಅವಳಿಗೆ ಹೇಳಿದ ಸುಳ್ಳು ಅದೊಂದೇ. ಅಪ್ಪನಿಗೆ ಗೊತ್ತಾಗಬಾರದು ಅಂತ ನೀನು ಕೊಟ್ಟಿಗೆ ಹಿಂದೆ ನಿಂತು, ಹತ್ತು ವರ್ಷದ ನನ್ನ ಕೈಗೆ ಸಿಗರೇಟು ಕೊಟ್ಟು, ಹಚ್ಚಿಕೊಂಡು ಬರೋಕೆ ಒಲೆ ಹತ್ತಿರ ಓಡಿಸ್ತಿದ್ದೆ. "ದಾರೀಲಿ ಆರಬಾರದು, ಎಳೀತಾ ಬಾ ಪುಟ್ಟೀ" ಅಂತಿದ್ದೆ. ಕೆಮ್ಮಿದರೆ ನಗ್ತಿದ್ದೆ. ಆಗ ಎಲ್ಲಿ ಹೋಗಿತ್ತು ಮನೆ ಮರ್ಯಾದೆ? ಗುರುವಾರ ಅವಳಿಗೆ ನಿಜ ಹೇಳ್ತೀನಿ. ಅದಕ್ಕೆ ಮುಂಚೆ, "ಹೌದು, ನಾನೇ" ಅಂತ ಒಂದು ಸಾಲು ನಿನ್ನ ಕೈಯಿಂದ ನನಗೆ ಬೇಕು. ಈ ಕಾಗದ ಸಂಜೆ ಇವರು ತಂದುಕೊಡ್ತಾರೆ. ಉತ್ತರ ತಗೊಂಡು ಬರೋಕೆ ಬುಧವಾರ ನನ್ನ ಮಗಳು ಬರ್ತಾಳೆ. ಬರಿಗೈಲಿ ಕಳಿಸಬೇಡ.